ಸುತ್ತೋಲೆಯ ವೇಷದಲ್ಲಿ ನಗೆಬರಹ: ಅಂತರ್ಜಾಲದ ಹಾಸ್ಯಪತ್ರಿಕೆಗೆ ಬರೆಯುವ ಬಗೆ

ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ, 1967ರವರೆಗೆ ನಡೆದ 'ಕೊರವಂಜಿ' ಹಾಸ್ಯಪತ್ರಿಕೆಯಲ್ಲಿ ಬರಹದ ಜೊತೆಗೆ ಚಿತ್ರವೂ ನಗಿಸುತ್ತಿತ್ತು, ಆರ್.ಕೆ. ಲಕ್ಷ್ಮಣ್ ಅವರೇ ಅದಕ್ಕೆ ವ್ಯಂಗ್ಯಚಿತ್ರ ಬರೆದಿದ್ದರು. ಸ್ವಂತ ಖರ್ಚಿನಲ್ಲಿ ನಡೆಯುವ ಇಂದಿನ ಸಣ್ಣ ಅಂತರ್ಜಾಲ ಪತ್ರಿಕೆಗಳಲ್ಲಿ ಅಂತಹ ಆಸರೆ ಸಿಗುವುದು ಅಪರೂಪ. ಹಾಗಾಗಿ ಚಿತ್ರ ಮಾಡುತ್ತಿದ್ದ ಕೆಲಸವನ್ನು ಬರಹದ ರೂಪವೇ ಮಾಡಬೇಕಾಗುತ್ತದೆ.

ಮೊದಲು ಆ ರೂಪವನ್ನು ಆರಿಸಿಕೊಳ್ಳಿ. ಸರ್ಕಾರಿ ಸುತ್ತೋಲೆ, ಟೆಂಡರ್ ಪ್ರಕಟಣೆ, ಪ್ರಶ್ನೆಪತ್ರಿಕೆ, ಪಂಚಾಂಗದ ವರ್ಷಫಲ, ಹೀಗೆ ಓದುಗರಿಗೆ ಬಾಯಿಪಾಠವಾಗಿರುವ ಯಾವುದಾದರೂ ಆಗಬಹುದು. ವಸ್ತು ಮಾತ್ರ ಆ ರೂಪಕ್ಕೆ ದೂರದ್ದಾಗಿರಲಿ. ಕಚೇರಿಯ ವಿಳಂಬವನ್ನು ಕಚೇರಿಯ ಭಾಷೆಯಲ್ಲೇ ಅಣಕಿಸಿದರೆ ಅದು ದೂರಿನ ಅರ್ಜಿಯಂತೆ ಓದಿಸಿಕೊಳ್ಳುತ್ತದೆ. ಮದುವೆಮನೆಯ ಊಟದ ಪಂಕ್ತಿಗೆ ಅದೇ ಭಾಷೆಯನ್ನು ತೊಡಿಸಿದಾಗ ಎರಡೂ ಒಟ್ಟಿಗೆ ಬಯಲಾಗುತ್ತವೆ.

ಉದಾಹರಣೆಗೆ, ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಕುರ್ಚಿ ಹಿಡಿಯುವ ನಮ್ಮ ಪದ್ಧತಿಯನ್ನೇ ತೆಗೆದುಕೊಳ್ಳೋಣ. "ವಿಷಯ: ಮೊದಲ ಪಂಕ್ತಿಯ ಆಸನಗಳನ್ನು ಬೆನ್ನ ಹಿಂದಿನಿಂದ ಕಾಯ್ದಿರಿಸುವ ಕುರಿತು. ಉಲ್ಲೇಖ: ವರನ ಸೋದರಮಾವನವರ ಮೌಖಿಕ ದೂರು, ಇಂದು ಮಧ್ಯಾಹ್ನ 1.40." ಇಷ್ಟಾದ ಮೇಲೆ ಮೊದಲ ಅಂಶ ಎಲ್ಲರೂ ಒಪ್ಪುವಷ್ಟು ಸರಳವಾಗಿರಲಿ: ಉಣ್ಣುವವರ ಕುರ್ಚಿಯ ಮೇಲೆ ಕೈ ಇಡತಕ್ಕದ್ದಲ್ಲ. ಎರಡನೆಯದು ಒಂದು ಹೆಜ್ಜೆ ಮುಂದಕ್ಕೆ ಹೋಗಲಿ: ಕುರ್ಚಿಯ ಮೇಲೆ ಹಾಕಿದ ಕರವಸ್ತ್ರದ ಮಾನ್ಯತೆಯು ಸಾರು ಬಡಿಸುವವರೆಗೆ ಮಾತ್ರ. ಮೂರನೆಯದರಲ್ಲಿ, ಮೊಸರನ್ನದ ಹಂತದಲ್ಲಿ ಮತ್ತೆ ಹೋಳಿಗೆ ಕೇಳುವವರು ಹಿಂದೆ ನಿಂತವರಿಂದ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಏರಿಕೆ ಈ ಕ್ರಮದಲ್ಲಿರಬೇಕು. ನಿರಾಕ್ಷೇಪಣಾ ಪತ್ರವನ್ನು ಮೊದಲೇ ತಂದುಬಿಟ್ಟರೆ ಆಮೇಲೆ ಹೋಗಲು ಜಾಗವಿರುವುದಿಲ್ಲ. ಕರವಸ್ತ್ರ, ಸಾರು, 1.40 ಎಂಬ ಸಣ್ಣ ವಿವರಗಳಲ್ಲೇ ನಗು ಕೂತಿದೆ ಎಂಬುದನ್ನೂ ಗಮನಿಸಿ. "ಒಂದು ಸಮಾರಂಭದಲ್ಲಿ ಊಟಕ್ಕೆ ನೂಕುನುಗ್ಗಲು" ಎಂದು ಬರೆದರೆ ಅದು ಬರಿಯ ವರದಿ.

ಸುತ್ತೋಲೆ ಹೊರಡಿಸಿದ ಅಧಿಕಾರಿಗೆ ತಾನು ತಮಾಷೆ ಮಾಡುತ್ತಿರುವುದು ಗೊತ್ತಿರಬಾರದು. ನಾನು ಕಳಿಸಿದ ಮೊದಲ ನಗೆಬರಹವನ್ನು ಸಂಪಾದಕರೊಬ್ಬರು ಮರಳಿಸಿದಾಗ ಅದರಲ್ಲಿದ್ದ 17 ಆಶ್ಚರ್ಯಸೂಚಕ ಚಿಹ್ನೆಗಳಿಗೆ ಒಂದೊಂದಾಗಿ ಕೆಂಪು ಸುತ್ತು ಹಾಕಿದ್ದರು; ಜೊತೆಗೆ ಒಂದು ಮಾತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎರಡನೇ ಪ್ರತಿಯಲ್ಲಿ ಆ ಚಿಹ್ನೆಗಳನ್ನೂ, ಹಾಸ್ಯವನ್ನು ವಿವರಿಸುವ ವಾಕ್ಯಗಳನ್ನೂ, ಸಾಮಾನ್ಯವಾಗಿ ಕೊನೆಯ ಪ್ಯಾರಾವನ್ನೂ ತೆಗೆದುಹಾಕಿ. ಬಳಿಕ ಮನೆಯವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ; ಅವರು ಸೌಜನ್ಯಕ್ಕೆ ನಕ್ಕ ಜಾಗಗಳು ತಾವಾಗಿಯೇ ತಿಳಿಯುತ್ತವೆ.

ಯಾರನ್ನು ನಗುವಿಗೆ ಗುರಿ ಮಾಡಬೇಕೆಂಬ ಪ್ರಶ್ನೆಯನ್ನು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳುವುದು ಕ್ಷೇಮ. ಮೇಲಿನ ಸುತ್ತೋಲೆ ನಿಯಮದ ಹುಚ್ಚನ್ನೂ ನಮ್ಮೆಲ್ಲರ ಹಸಿವನ್ನೂ ಹಾಸ್ಯ ಮಾಡಬಹುದು. ಬಡಿಸುವ ಹುಡುಗರನ್ನು ಹಾಸ್ಯ ಮಾಡಿದರೆ ಅದು ಕುಹಕ. ಬದುಕಿರುವವರ ಹೆಸರು ಹಿಡಿದು ನಡೆಯದ ಸಂಗತಿಯನ್ನು ನಡೆದಂತೆ ಬರೆಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನನಷ್ಟವನ್ನು ಅಪರಾಧವೆನ್ನುತ್ತದೆ, ಮತ್ತು ಸಣ್ಣ ಪತ್ರಿಕೆಗಳು ವಕೀಲರನ್ನು ಇಟ್ಟುಕೊಂಡಿರುವುದಿಲ್ಲ.

ಕಳಿಸುವ ಮುನ್ನ ಪತ್ರಿಕೆಯ ಹತ್ತು ಹಳೆಯ ಬರಹಗಳನ್ನು ಓದಿ ಪದಮಿತಿಯನ್ನು ಅಂದಾಜು ಮಾಡಿಕೊಳ್ಳಿ. ಇಂತಹ ಅಣಕು ಸುತ್ತೋಲೆ 800 ಪದ ದಾಟಿದರೆ ಬಳಲುತ್ತದೆ ಎಂಬುದು ನನ್ನ ಅನುಭವ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿಯೇ ಕಳಿಸಿ, ಇಲ್ಲದಿದ್ದರೆ ಸಂಪಾದಕರ ಪರದೆಯ ಮೇಲೆ ನಿಮ್ಮ ಹೋಳಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಮೂಡುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳನ್ನೂ ಒತ್ತಕ್ಷರಗಳನ್ನೂ ಇನ್ನೊಮ್ಮೆ ಕಣ್ಣಾರೆ ನೋಡಿ. ಪಲ್ಲಟವಾಗುವುದು ಹೆಚ್ಚಾಗಿ ಅಲ್ಲಿಯೇ.