ಹೊಟ್ಟೆನೋವು ಅಪೆಂಡಿಕ್ಸಿನದೇ? ರಕ್ತದ ರಿಪೋರ್ಟ್ ಓದುವುದು ಹೀಗೆ

ಹೊಕ್ಕುಳ ಸುತ್ತ ಶುರುವಾದ ನೋವು ಕೆಲವೇ ಗಂಟೆಗಳಲ್ಲಿ ಕೆಳಹೊಟ್ಟೆಯ ಬಲಕ್ಕೆ ಇಳಿದು ಅಲ್ಲೇ ನಿಂತರೆ, ಊಟ ಬೇಡವೆನಿಸಿ ವಾಂತಿ ಬರುವಂತಾದರೆ, ‘ರಾತ್ರಿ ಮಿರ್ಚಿ ತಿಂದಿದ್ದಕ್ಕ ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಔಡಲೆಣ್ಣೆಯಂತೂ ಬೇಡವೇ ಬೇಡ. ದೊಡ್ಡ ಕರುಳಿಗೆ ಅಂಟಿದ ಪುಟ್ಟ ಚೀಲ, ಅಪೆಂಡಿಕ್ಸ್, ಊದಿಕೊಂಡಿರಬಹುದು. ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ.

ಹೊರಡುವ ಮುಂಚೆ ನೋವು ಶುರುವಾದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ರಿಪೋರ್ಟಿನ ಅಂಕಿಗಳಿಗೆ ಅರ್ಥ ಬರುವುದೇ ಈ ಹೊತ್ತಿನಿಂದ. ಈ ಪರೀಕ್ಷೆಗಳಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಆದರೆ ಆಪರೇಷನ್ ಬೇಕಾದೀತು, ಹಾಗಾಗಿ ಏನೂ ತಿನ್ನಿಸಬೇಡಿ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ನೋವಿನ ಮಾತ್ರೆ ನುಂಗಿದ್ದರೆ ಮುಚ್ಚಿಡದೆ ಹೇಳಿ.

ಮೊದಲ ಪರೀಕ್ಷೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ನೇರಳೆ ಮುಚ್ಚಳದ ಪುಟ್ಟ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ. ಅದರಲ್ಲಿ ‘ಟೋಟಲ್ ಕೌಂಟ್’ ನೋಡಿ, ಅಂದರೆ ಬಿಳಿ ರಕ್ತಕಣಗಳ ಸಂಖ್ಯೆ. ದೊಡ್ಡವರಲ್ಲಿ ಸಾಮಾನ್ಯವಾಗಿ 4,000ದಿಂದ 11,000. ಅಪೆಂಡಿಕ್ಸ್ ಊದಿಕೊಂಡಾಗ ಬಹಳಷ್ಟು ಜನರಲ್ಲಿ ಇದು 10,000 ದಾಟುತ್ತದೆ. ಅದರ ಕೆಳಗೇ ಬಿಳಿ ಕಣಗಳಲ್ಲೇ ಒಂದು ಬಗೆಯಾದ ನ್ಯೂಟ್ರೊಫಿಲ್ ಪ್ರಮಾಣವಿರುತ್ತದೆ. 75 ಶೇಕಡಾಕ್ಕಿಂತ ಹೆಚ್ಚಿದ್ದರೆ ಸಂಶಯ ಬಲವಾಗುತ್ತದೆ.

ಎರಡನೆಯದು ಸಿಆರ್‌ಪಿ. ಉರಿಯೂತ ಕಂಡೊಡನೆ ಯಕೃತ್ತು ತಯಾರಿಸುವ ಪ್ರೋಟೀನ್ ಇದು. ಆದರೆ ಏರಲು ಹೊತ್ತು ಬೇಕು: ಸುಮಾರು 6ರಿಂದ 12 ಗಂಟೆ. ಬೆಳಿಗ್ಗೆ 8ಕ್ಕೆ ನೋವು ಬಂದು 11ಕ್ಕೆ ರಕ್ತ ಕೊಟ್ಟರೆ ಸಿಆರ್‌ಪಿ ನಾರ್ಮಲ್ ಬರಬಹುದು, ಅದನ್ನು ನಂಬಿ ಮನೆಗೆ ಹೋಗುವಂತಿಲ್ಲ. ಎರಡು ದಿನ ನೋವಿದ್ದೂ ಕೌಂಟ್, ಸಿಆರ್‌ಪಿ ಎರಡೂ ಏರಿಲ್ಲವೆಂದರೆ ಅಪೆಂಡಿಕ್ಸಿನ ಸಾಧ್ಯತೆ ಸಾಕಷ್ಟು ಕಡಿಮೆ.

‘ಕೌಂಟ್ ನಾರ್ಮಲ್ ಐತಲ್ರಿ ಡಾಕ್ಟ್ರ, ಮತ್ಯಾಕ ಅಡ್ಮಿಟ್?’ ಎಂದು ಕೇಳುವವರು ಬಹಳ. ಅಪೆಂಡಿಕ್ಸ್ ಊದಿರುವ ಸಾಧ್ಯತೆಯನ್ನು ಅಂಕ ಹಾಕಿ ಅಳೆಯಲು 1986ರಲ್ಲಿ ಬಂದ ಆಲ್ವರಾಡೊ ಸ್ಕೋರನ್ನು ಇಂದಿಗೂ ಸರ್ಜನ್‌ಗಳು ಬಳಸುತ್ತಾರೆ. ಅದರ 10 ಅಂಕಗಳಲ್ಲಿ ರಕ್ತಪರೀಕ್ಷೆಗೆ ಸಿಗುವುದು 3 ಮಾತ್ರ: ಟೋಟಲ್ ಕೌಂಟಿಗೆ 2, ನ್ಯೂಟ್ರೊಫಿಲ್ಲಿಗೆ 1. ಉಳಿದ 7 ನೋವು ಸರಿದ ಬಗೆ, ಹಸಿವು, ವಾಂತಿ, ಜ್ವರ, ಹೊಟ್ಟೆ ಒತ್ತಿದಾಗ, ಕೈ ಬಿಟ್ಟಾಗ ಆಗುವ ನೋವಿಗೆ. ಮೊತ್ತ 7 ಅಥವಾ ಅದಕ್ಕಿಂತ ಹೆಚ್ಚಾದರೆ ಅಪೆಂಡಿಕ್ಸ್ ಊದಿರುವ ಸಾಧ್ಯತೆ ಹೆಚ್ಚು. ನಡುವೆ ನಿಂತರೆ ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್.

ಬಸುರಿಯರಲ್ಲಿ ಬಿಳಿ ಕಣ ಸಹಜವಾಗಿಯೇ ಹೆಚ್ಚಿರುತ್ತದೆ. ವಯಸ್ಸಾದವರಲ್ಲಿ ರೋಗ ಬಲಿತರೂ ಏರದೇ ಇರಬಹುದು. ಮಕ್ಕಳ ಅಳತೆಯೇ ಬೇರೆ. ಮೂತ್ರದ ಹರಳು, ಸೋಂಕು ಇದೆಯೇ ಎಂದು ನೋಡಲು ಮೂತ್ರಪರೀಕ್ಷೆ, ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭಪರೀಕ್ಷೆ ಜೊತೆಗೇ ಆಗಬೇಕು. ಮದುವೆಯಾಗಿಲ್ಲವೆಂದು ಮನೆಯವರು ಇದಕ್ಕೆ ಅಡ್ಡ ಬರಬಾರದು.

ಅನುಮಾನ ಉಳಿದರೆ ಕೆಲ ಗಂಟೆ ಬಿಟ್ಟು ರಕ್ತ ಮತ್ತೆ ತೆಗೆಯುತ್ತಾರೆ. ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದೇ ಆಗ ಮುಖ್ಯ. ಆದ್ದರಿಂದ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಹುಬ್ಬಳ್ಳಿಗೆ ಬರುವವರು ಊರಲ್ಲಿ ಮಾಡಿಸಿದ ಮೊದಲ ರಿಪೋರ್ಟನ್ನು, ರಕ್ತ ತೆಗೆದ ಹೊತ್ತನ್ನು ಅದರ ಮೇಲೇ ಬರೆಸಿಕೊಂಡು, ಮರೆಯದೆ ಜೊತೆಗೆ ತನ್ನಿ.