ಎಣ್ಣೆ ಕುಲುಮೆಯಲ್ಲಿ ಅಲ್ಯೂಮಿನಿಯಂ ಬ್ರಾಂಜ್ ಬುಷ್: ನನ್ನ ಅನುಭವ

ಇಂಡಕ್ಷನ್ (ವಿದ್ಯುತ್) ಕುಲುಮೆ ಇಲ್ಲದೆ ಅಲ್ಯೂಮಿನಿಯಂ ಬ್ರಾಂಜ್‌ಗೆ, ಅಂದರೆ ತಾಮ್ರಕ್ಕೆ ಶೇ. 10ರಷ್ಟು ಅಲ್ಯೂಮಿನಿಯಂ ಬೆರೆತ ಲೋಹಕ್ಕೆ, ಕೈ ಹಾಕಬೇಡಿ ಎಂದವರೇ ಹೆಚ್ಚು. ಈಗ ನನ್ನ ಎಣ್ಣೆ ಬರ್ನರ್‌ನ ಕುಲುಮೆಯಿಂದ ಬಂದ ಬುಷ್‌ಗಳು (ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆಗಳು) ಲೇತ್ ಮೇಲೆ ಒಂದು ತೂತೂ ಕಾಣಿಸದೆ ಇಳಿಯುತ್ತಿವೆ. ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬಿಟ್ಟಿದ್ದಕ್ಕೆ ಕಾರಣ ದುಡ್ಡು. ತವರದ ದರ ತಾಮ್ರದ ಮೂರು ಪಟ್ಟಿನ ಆಸುಪಾಸು. ಮೇಲಾಗಿ ಅಲ್ಯೂಮಿನಿಯಂ ಬ್ರಾಂಜ್‌ನ ಸಾಂದ್ರತೆ 7.5ರಷ್ಟು, ಗನ್‌ಮೆಟಲ್‌ನದು 8.8ರ ಹತ್ತಿರ. ಅಂದರೆ ಅದೇ ಅಳತೆಯ ಬುಷ್‌ಗೆ ಶೇ. 15ರಷ್ಟು ಕಡಿಮೆ ಲೋಹ.

30 ಕಿಲೋ ಪಾಕಕ್ಕೆ ತಾಮ್ರ 25.8, ಅಲ್ಯೂಮಿನಿಯಂ 3.1, ಕಬ್ಬಿಣ 1 ಕಿಲೋ ಚಿಲ್ಲರೆ. ತಾಮ್ರ ಹೊಳಪಿನ ವೈರ್ ಆಗಿರಲಿ, ತವರ ಲೇಪದ್ದು ಬೇಡ. ಅಲ್ಯೂಮಿನಿಯಂ ಕೂಡ ಕರೆಂಟ್ ತಂತಿಯದೇ ಬೇಕು. ಪಿಸ್ಟನ್ ಗುಜರಿ ಹಾಕಿದರೆ ಸಿಲಿಕಾನ್ ಒಳಸೇರುತ್ತದೆ. ಗನ್‌ಮೆಟಲ್ ಕಂಡ ಮೂಸೆ ಇದಕ್ಕೆ ಬರುವುದಿಲ್ಲ, ಗೋಡೆಯಲ್ಲಿ ಉಳಿದ ಸೀಸವೇ ಎರಕ ಬಿರಿಯಲು ಸಾಕು. ಕಬ್ಬಿಣವನ್ನು ತೆಳು ತಗಡಿನ ಚೂರಾಗಿ ಮೂಸೆಯ ತಳಕ್ಕೆ ಹಾಕಿ 1200 ಡಿಗ್ರಿ ಮುಟ್ಟಿಸಿ. ದಪ್ಪ ತುಂಡು ಕರಗದೆ ಉಳಿದರೆ ಗಟ್ಟಿ ಚುಕ್ಕೆಯಾಗಿ ಕುಳಿತು ಟೂಲ್ ತುದಿಯನ್ನೇ ತಿನ್ನುತ್ತದೆ.

ಅಲ್ಯೂಮಿನಿಯಂ ತಾಮ್ರಕ್ಕೆ ಸೇರಿದಾಗ ಪಾಕ ತಾನೇ ಬಿಸಿಯೇರುತ್ತದೆ. ಅದಕ್ಕೇ ತಾಮ್ರದಲ್ಲಿ ಕಾಲು ಪಾಲು ಎತ್ತಿಟ್ಟು, ಬರ್ನರ್ ಆರಿಸಿ, ಅಲ್ಯೂಮಿನಿಯಂ ಮುಳುಗಿಸಿದ ಮೇಲೆ ಆ ತಣ್ಣನೆಯ ತಾಮ್ರ ಹಾಕುವುದು. ಜ್ವಾಲೆಯಲ್ಲಿ ಗಾಳಿ ತುಸು ಹೆಚ್ಚೇ ಇರಲಿ, ಹೊಗೆಯಾಡುವ ಉರಿ ಪಾಕದಲ್ಲಿ ಹೈಡ್ರೋಜನ್ ತುಂಬಿಸುತ್ತದೆ, ತೂತು ಮಾಡುವುದು ಅದೇ. ಅದನ್ನು ಹೊರದೂಡಲು ಗ್ರಾಫೈಟ್ ಕೊಳವೆಯಲ್ಲಿ ಏಳೆಂಟು ನಿಮಿಷ ನೈಟ್ರೋಜನ್ ಬಿಟ್ಟು, ಒಣ ಅಚ್ಚಿಗೆ ಒಂದು ಬಿಲ್ಲೆ ಸುರಿದು ನೋಡಿ. ನಡು ತಗ್ಗಿದರೆ ಸುರಿಯಬಹುದು, ಉಬ್ಬಿದರೆ ಮತ್ತೆ ನೈಟ್ರೋಜನ್.

ಇಷ್ಟೆಲ್ಲ ಸರಿಯಿದ್ದೂ ಮೊದಮೊದಲು ಅರ್ಧಕ್ಕರ್ಧ ಮಾಲು ವಾಪಸ್ ಮೂಸೆಗೇ ಹೋಯಿತು. ತಪ್ಪು ಪಾಕದಲ್ಲಿರಲಿಲ್ಲ, ಸುರಿಯುವುದರಲ್ಲಿತ್ತು. ಈ ಲೋಹದ ಮೇಲೆ ಕಾದ ಹಾಲಿನ ಕೆನೆಯಂತೆ ಆಕ್ಸೈಡ್ ಪೊರೆ ಕಟ್ಟುತ್ತಲೇ ಇರುತ್ತದೆ. ಎತ್ತರದಿಂದ ಧಾರೆ ಬಿಟ್ಟರೆ ಪೊರೆ ಮಡಚಿಕೊಂಡು ಒಳಗೆ ಸಿಕ್ಕಿಬೀಳುತ್ತದೆ. ಹೊರಗೆ ಲಕಲಕ, ಎರಡು ಮೂರು ಮಿಲಿಮೀಟರ್ ಇಳಿಸಿದ ಕೂಡಲೇ ಬೂದು ಗೆರೆ, ಅದರ ಗುಂಟ ಸೀಳು. ಕೆಳಗಿನಿಂದ ತುಂಬುವ ಗೇಟ್ (ಅಚ್ಚಿಗೆ ಲೋಹ ಒಳಹೋಗುವ ಬಾಯಿ), ಸೆರಾಮಿಕ್ ಫಿಲ್ಟರ್, ಗೇಟ್‌ನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಮೀರದ ವೇಗ: ಇಷ್ಟಾದ ಮೇಲೆ ರಿಜೆಕ್ಷನ್ ನೂರಕ್ಕೆ ಐದಾರಕ್ಕೆ ಇಳಿಯಿತು. ಸುರಿಯುವ ಶಾಖ 1150ರ ಆಸುಪಾಸು. ನನ್ನ ರನ್ನರ್‌ನ (ಗೇಟ್‌ಗೆ ಲೋಹ ಒಯ್ಯುವ ಕಾಲುವೆ) ತಿರುವಿನಲ್ಲಿ ಒಂದು ಕರಾಮತ್ತು ಇದೆ, ಅದು ನನ್ನಲ್ಲೇ ಇರಲಿ.

ಗಟ್ಟಿ ಬುಷ್‌ಗಳಿಗೆ ಡುರ್ವಿಲ್ ಪದ್ಧತಿಯನ್ನೂ ಮಾಡಿ ನೋಡಿದೆ. ಪಾಕದ ಪಾತ್ರೆಗೂ ಅಚ್ಚಿಗೂ ಬಾಯಿ ಸೇರಿಸಿ ಇಡೀ ಜೋಡಿಯನ್ನು ನಿಧಾನ ಮಗುಚುವುದು. ಎರಕ ಅಪ್ಪಟ, ಆದರೆ ದಿನಕ್ಕೆ ಬರುವ ಸಂಖ್ಯೆಯಲ್ಲಿ ಕೂಲಿಯೂ ಗಿಟ್ಟದು.

ರೈಸರ್‌ನಲ್ಲಿ (ಎರಕ ಕುಗ್ಗುವಾಗ ಲೋಹ ಒದಗಿಸುವ ಹೆಚ್ಚುವರಿ ತುಂಡು) ಜಿಪುಣತನ ಬೇಡ. ಇದು ಒಮ್ಮೆಲೇ ಹೆಪ್ಪುಗಟ್ಟಿ ಕುಗ್ಗುವ ಲೋಹ. ಸುರಿದದ್ದರಲ್ಲಿ ಅರ್ಧ ರೈಸರ್, ರನ್ನರ್‌ಗೇ ಹೋಗುತ್ತದೆಂದು ದರ ಹಾಕಿ. ಆ ಚೂರನ್ನು ಮುಂದಿನ ಪಾಕಕ್ಕೆ ಮೂರನೇ ಒಂದಕ್ಕಿಂತ ಹೆಚ್ಚು ಬೆರೆಸುವುದಿಲ್ಲ.

ದಪ್ಪ ಬುಷ್ ಮರಳಿನಲ್ಲೇ ತಣಿದರೆ ಇನ್ನೊಂದು ಪೀಡೆ. 565 ಡಿಗ್ರಿಯ ಕೆಳಗೆ ನಿಧಾನ ಇಳಿಯುವಾಗ ಲೋಹದೊಳಗೆ ಗಾಮಾ-2 ಎಂಬ ಪೆಡಸು ಹರಳು ಹುಟ್ಟಿ, ಸುತ್ತಿಗೆ ಏಟಿಗೆ ಗಾಜಿನಂತೆ ಚೂರಾಗುತ್ತದೆ. ಕೆಂಪು ಮಾಸುವ ಮುಂಚೆ ಅಚ್ಚು ಒಡೆದು ಗಾಳಿಗೆ ತೆಗೆಯಿರಿ. ಶೇ. 1ರಷ್ಟು ಮ್ಯಾಂಗನೀಸ್ ಹಾಕಿದ ಪ್ರಯೋಗದಲ್ಲಿ ಈ ಕಾಟ ಕಡಿಮೆಯಾಯಿತು. ಅಲ್ಯೂಮಿನಿಯಂ ಮಾತ್ರ ಶೇ. 11 ದಾಟಬಾರದು.

ಲೇತ್‌ಗೆ ಕಾರ್ಬೈಡ್ ಟೂಲ್ ಹಾಕಿ. ಗಡಸುತನ 160 ಬ್ರಿನೆಲ್ ದಾಟುವುದರಿಂದ ಮೆದು ಶಾಫ್ಟ್‌ಗೆ ಈ ಬುಷ್ ಕೊಡಬೇಡಿ, ಶಾಫ್ಟನ್ನೇ ಉಜ್ಜಿ ಹಾಕುತ್ತದೆ. ಗ್ರೀಸ್ ಸರಿಯಾಗಿ ಹೋಗದ ಜಾಗಕ್ಕೆ ಹಳೆಯ ಸೀಸದ ಬ್ರಾಂಜೇ ವಾಸಿ.