ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದರೆ ಮಕ್ಕಳನ್ನು ಕಾಪಾಡುವುದು ಹೇಗೆ?

ಅಜ್ಜಿಗೆ ಟಿಬಿ ಅಂತ ಗೊತ್ತಾದ ಕೂಡಲೇ ಮನೆಯವರು ತಟ್ಟೆ, ಲೋಟ ಬೇರೆ ಮಾಡುತ್ತಾರೆ. ಮೂರು ವರ್ಷದ ಮೊಮ್ಮಗು ಮಾತ್ರ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅಜ್ಜಿಯ ಮಗ್ಗುಲಲ್ಲೇ ಮಲಗುತ್ತದೆ. ಟಿಬಿ ತಟ್ಟೆ, ಲೋಟದಿಂದ ಹರಡುವುದಿಲ್ಲ. ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಬೇಗ ಜೋರಾಗುತ್ತದೆ, ಕೆಲವೊಮ್ಮೆ ಮೆದುಳಿನವರೆಗೂ ಹೋಗುತ್ತದೆ.

ಮೊದಲ ಕೆಲಸ: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನೆಯ ಎಲ್ಲರ ಹೆಸರು, ವಯಸ್ಸು ಬರೆಸಿ. ಆಶಾ ಕಾರ್ಯಕರ್ತೆ ಬರಲಿ ಅಂತ ಕಾಯಬೇಡಿ. ರೋಗಿ ಖಾಸಗಿ ವೈದ್ಯರ ಹತ್ತಿರ ಚಿಕಿತ್ಸೆ ತಗೊಳ್ಳುತ್ತಿದ್ದರೂ ಹೆಸರು ಸರ್ಕಾರದ ಟಿಬಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ದಾಖಲಾಗಲೇಬೇಕು, ಅದನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಆಮೇಲೆ ಮಗುವಿನ ತಪಾಸಣೆ. ಎರಡು ವಾರ ದಾಟಿದ ಜ್ವರ ಅಥವಾ ಕೆಮ್ಮು, ಕತ್ತಿನಲ್ಲಿ ಗಂಟು, ಆಟದಲ್ಲಿ ಮಂಕು, ಏರದ ತೂಕ, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಹೇಳಿ. ಅಂಗನವಾಡಿಯಲ್ಲಿ ತೂಕ ಬರೆದ ಕಾರ್ಡ್ ಜೊತೆಗಿರಲಿ. ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತಾರೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಣ್ಣ ನಳಿಕೆಯಿಂದ ಹೊಟ್ಟೆಯ ದ್ರವ ತೆಗೆಯಬೇಕಾಗಬಹುದು. ಗಾಬರಿಯಾಗಬೇಡಿ.

ಮಗುವಿಗೆ ಟಿಬಿ ಇಲ್ಲ ಅಂದರು. ಅಲ್ಲಿಗೆ ಮುಗಿಯಿತು ಅಂತ ಮನೆಗೆ ಬಂದುಬಿಡಬೇಡಿ! ರೋಗಾಣು ಒಳಗೆ ಸುಮ್ನೆ ಕೂತಿರಬಹುದು. ಅದು ಏಳದಂತೆ ತಡೆಯುವ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಐಸೋನಿಯಾಜಿಡ್, ತೂಕ ನೋಡಿ ದಿನಕ್ಕೊಮ್ಮೆ, ಆರು ತಿಂಗಳು. ಎರಡು ವರ್ಷ ದಾಟಿದವರಿಗೆ ಐಸೋನಿಯಾಜಿಡ್ ಜೊತೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಕ್ರಮವೂ ಇದೆ. ಯಾವುದು ಅಂತ ವೈದ್ಯರೇ ಹೇಳಬೇಕು. 'ಚೆನ್ನಾಗಿರೋ ಮಗುವಿಗೆ ಮಾತ್ರೆ ಯಾಕೆ?' ಅಂತ ಎಷ್ಟೋ ಮನೆಗಳಲ್ಲಿ ಬೇಡವೆನ್ನುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೇ ಬಿಟ್ಟುಬಿಡುತ್ತಾರೆ. ಚೆನ್ನಾಗಿರುವಾಗಲೇ ಕೊಡಬೇಕಾದ ಮಾತ್ರೆ ಇದು, ದಯವಿಟ್ಟು ಪೂರ್ತಿ ಕೊಡಿ. ವಾಂತಿ ಜಾಸ್ತಿಯಾದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಬಿಸಿಜಿ ಹಾಕಿಸಿದೆ ಅಂತಲೂ ಸುಮ್ಮನಿರಬೇಡಿ. ಆ ಲಸಿಕೆ ಮಕ್ಕಳಲ್ಲಿ ತೀವ್ರ ಟಿಬಿಯನ್ನು ತಡೆಯುತ್ತದೆ, ಎಲ್ಲ ಟಿಬಿಯನ್ನಲ್ಲ.

ಮನೆಯಲ್ಲಿ ಕಿಟಕಿ ತೆರೆದಿಡಿ. ರೋಗಿ ಮಾಸ್ಕ್ ಹಾಕಲಿ. ಸರಿಯಾದ ಔಷಧಿ ಶುರುವಾಗಿ ಕನಿಷ್ಠ ಎರಡು ವಾರ ಆಗುವವರೆಗೆ ಮಗು ಬೇರೆ ಮಲಗಲಿ. ತಾಯಿಗೇ ಟಿಬಿ ಇದ್ದರೂ ಎದೆಹಾಲು ನಿಲ್ಲಿಸಬೇಕಿಲ್ಲ, ಮಾಸ್ಕ್ ಹಾಕಿಕೊಂಡು ಕುಡಿಸಲಿ.

ಇನ್ನು ಊಟ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ರೋಗಿಗೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದು 500 ಇತ್ತು. ಖಾತೆಯ ವಿವರವನ್ನು ಮೊದಲ ದಿನವೇ ಕೊಡಿ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಪೌಷ್ಟಿಕ ಆಹಾರ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. ಬರೀ ಊಟದಿಂದ ಇಷ್ಟು! ಹಾಗಾಗಿ ದಾನಿಗಳ ಮೂಲಕ ನಿಕ್ಷಯ್ ಮಿತ್ರ ಆಹಾರದ ಕಿಟ್ ಸಿಗುತ್ತದಾ, ಮನೆಯವರಿಗೂ ಸೇರಿಸಿ ಕೊಡುತ್ತಾರಾ ಅಂತ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹಣ ಬರದಿದ್ದರೆ, ಮಾತ್ರೆ ಸಿಗದಿದ್ದರೆ 1800-11-6666ಕ್ಕೆ ಕರೆ ಮಾಡಿ. ಕರೆ ಉಚಿತ.